ಸೀಟಿನಲ್ಲೇ ಇನ್ಸುಲಿನ್

ಕೆಂಗೇರಿಯಲ್ಲಿ ಮೈಸೂರು ರೈಲು ಹತ್ತಿದವನು, ತಿಂಡಿಗೆ ಮುಂಚೆ ಇನ್ಸುಲಿನ್ ಪೆನ್ ಮುಷ್ಟಿಯಲ್ಲಿ ಮುಚ್ಚಿಕೊಂಡು ಶೌಚಾಲಯಕ್ಕೆ ಹೋಗಲು ಎದ್ದೆ.

“ಅಲ್ಲಿಗ್ಯಾಕೆ ಹೋಗ್ತೀರಾ? ಗಲೀಜಿದೆ. ಇಲ್ಲೇ ಚುಚ್ಕೊಳ್ಳಿ,” ಎಂದರು ಎದುರು ಸೀಟಿನ ಹಿರಿಯ ಮಹಿಳೆ, ಮುಷ್ಟಿಯಿಂದ ಇಣುಕುತ್ತಿದ್ದ ಪೆನ್ ನೋಡಿ.

ಕೆಲಸದ ಮೇಲೆ ವಾರವಾರ ಓಡಾಡುವ ನಾನು ಜನರೆದುರು ಎಂದೂ ಚುಚ್ಚಿಕೊಂಡವನಲ್ಲ. ಶೌಚಾಲಯದ ಮುಂದೆ ಸಾಲಿದ್ದರೆ ಅವತ್ತು ಇನ್ಸುಲಿನ್ನೇ ಇಲ್ಲ. ಅವರು ತಮ್ಮ ಬ್ಯಾಗಿನಿಂದ ಅಂಥದ್ದೇ ಪೆನ್ ತೆಗೆದು, ಸೆರಗು ತುಸು ಸರಿಸಿ, ಕಿಟಕಿಯಾಚೆ ನೋಡುತ್ತಲೇ ಹೊಟ್ಟೆಗೆ ಚುಚ್ಚಿಕೊಂಡರು.

“ಹೂಂ, ನಿಮ್ದೂ ಆಗ್ಲಿ. ತಿಂಡಿ ಆರಿಹೋಗುತ್ತೆ.”

ಕೂತೆ. ಅಂಗಿ ಎತ್ತಿ ಚುಚ್ಚಿಕೊಂಡೆ. ಆಮೇಲೆ ಇಬ್ಬರೂ ಡಬ್ಬಿ ತೆರೆದೆವು.

ಅವರ ಹೆಸರು ಕೇಳಲಿಲ್ಲ. ಈಗ ಯಾವ ಊರಿಗೆ ಹೊರಟರೂ ಸೀಟಿನಲ್ಲೇ ಚುಚ್ಚಿಕೊಳ್ಳುತ್ತೇನೆ. ಇವತ್ತಿನವರೆಗೂ ಒಬ್ಬರೂ ಮೊಬೈಲಿನಿಂದ ತಲೆ ಎತ್ತಿ ನೋಡಿಲ್ಲ.