ಸಂಪಿಗೆ ಎಂದು ಕರೆದೆವು

ನಾನು ಮಾಡಿದ ಆ ತಪ್ಪಿಗೆ ಇವತ್ತಿನವರೆಗೂ ಯಾರೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನೂ ತಿರುಗಿ ನಾಲ್ಕು ಮಾತು ಆಡಿ ಜಗಳ ಕಾಯುತ್ತಿದ್ದೆ, ಅಲ್ಲಿಗೆ ಮುಗಿದುಹೋಗುತ್ತಿತ್ತು.

ಕೋವಿಡ್ ಕಾಟ ಇಳಿದು, ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಎಂದು ಕರೆ ಬಂದ ವರ್ಷ ಅದು. ನಮ್ಮ ಆಫೀಸು ಶಾರ್ಲೆಟ್ಟಿನ ಬ್ಯಾಲಂಟೈನಿನಲ್ಲಿ. ನನ್ನ ಪಕ್ಕದ ಡೆಸ್ಕಿನವಳು ಮಂಡ್ಯದವಳು, ನಾನು ಬೆಂಗಳೂರಿನವಳು, ಇಬ್ಬರೂ ಬಾಯಿಬಡುಕಿಯರು. ಎದುರಿನ ಡೆಸ್ಕಿನಲ್ಲಿ ನಮ್ಮ ಸೀನಿಯರ್ ಕೂರುತ್ತಿದ್ದರು. ನಲವತ್ತು ದಾಟಿದ, ಮದುವೆಯಾಗದ, ಎತ್ತರದ ಹೆಂಗಸು. ಕೆಲಸದಲ್ಲಿ ಹುಲಿ, ಮನುಷ್ಯರ ಜೊತೆ ಮಾತ್ರ ತಡವರಿಕೆ. ಲಿಫ್ಟಿನಲ್ಲಿ ಯಾರಾದರೂ ಗುಡ್ ಮಾರ್ನಿಂಗ್ ಅಂದರೆ ಥ್ಯಾಂಕ್ಯೂ ಅನ್ನುವರು, ಮೀಟಿಂಗಿಗೆ ಮುಂಚೆ ತಪ್ಪದೆ ಮೈಮೇಲೆ ಕಾಫಿ ಚೆಲ್ಲಿಕೊಳ್ಳುವರು.

ಪರಿಚಯವಾದ ದಿನ ಬೆಂಗಳೂರಿನ ಕಡೆಯವಳು ಎಂದು ಇಂಗ್ಲಿಷಿನಲ್ಲಿ ಹೇಳಿದ್ದರು. ಮುಸ್ಲಿಂ ಹೆಸರು ಕೇಳಿದ್ದೇ ತಡ, ಕಂಟೋನ್ಮೆಂಟಿನವರಿರಬೇಕು, ಮನೆಯಲ್ಲಿ ಉರ್ದು, ಸ್ಕೂಲಿನಲ್ಲಿ ಇಂಗ್ಲಿಷು, ಇನ್ನು ಕನ್ನಡ ಎಲ್ಲಿಂದ ಬರಬೇಕು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಒಂದು ಮಾತು ಕೇಳಲಿಲ್ಲ. ಮಂಡ್ಯದವಳು ಅವರೆದುರಿಗೇ, "ಕಾಫಿ ಚೆಲ್ಲದೇ ಇರೋ ಬಟ್ಟೆ ಒಂದಾದ್ರೂ ಇದ್ಯೇನೇ ಇವರ ಹತ್ರ?" ಅಂದಳು. ಅವರು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. ನಮಗೆ ಅಷ್ಟೇ ಸಾಕಾಯಿತು.

ಊಟದ ಹೊತ್ತಿನಲ್ಲಿ ನಾವಿಬ್ಬರೂ ಫೋನನ್ನು ನೀರಿನ ಬಾಟಲಿಗೆ ಒರಗಿಸಿಕೊಂಡು ಒಂದು ಜಪಾನೀ ಅನಿಮೆ, ಅಂದರೆ ಕಾರ್ಟೂನ್ ಸೀರಿಯಲ್, ನೋಡುತ್ತಿದ್ದೆವು. ಆಫೀಸೊಂದರ ಪೆದ್ದು ಪೆದ್ದು ಸೀನಿಯರ್ ಹುಡುಗಿಯ ಪ್ರೇಮದ ಕಥೆ. ಆಡಬೇಕಾದ ಮಾತನ್ನು ಪ್ರಿಂಟರಿನ ಮುಂದೆ ಹತ್ತು ಸಲ ಪ್ರಾಕ್ಟೀಸ್ ಮಾಡುತ್ತಾಳೆ, ಮೆಚ್ಚಿದವನು ಬಂದಾಗ ಪೇಪರ್ ಜ್ಯಾಮ್ ಬಗ್ಗೆ ಮಾತಾಡಿ ಓಡಿಹೋಗುತ್ತಾಳೆ. ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಜಪಾನಿನವರು ಸೀನಿಯರನ್ನು ಸೆಂಪೈ ಅನ್ನುತ್ತಾರೆ. ಅದು ಮಂಡ್ಯದವಳ ಬಾಯಲ್ಲಿ ಒಂದೇ ವಾರಕ್ಕೆ ಸಂಪಿಗೆ ಆಯಿತು. ನಮ್ಮ ಸೀನಿಯರಿಗೂ ಅದೇ ಹೆಸರು ಅಂಟಿತು. "ಸಂಪಿಗೆ ಬಂದ್ಳು." "ಸಂಪಿಗೆ ಮತ್ತೆ ಬಾಗಿಲಿಗೆ ಡಿಕ್ಕಿ ಹೊಡೆದ್ಳು, ಎಪಿಸೋಡ್ ನಾಲ್ಕು." ಅವರು ಎದುರಿಗೇ ಕೂತಿರುವಾಗ ಆಡಿಕೊಳ್ಳುವುದರಲ್ಲಿ ಒಂದು ಹೊಲಸು ಖುಷಿ ಇತ್ತು. ಸುಳ್ಳು ಯಾಕೆ ಹೇಳಲಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ತಪ್ಪು ಫೈಲ್ ಹಾಕಿ ಅರ್ಧ ದಿನ ಇಡೀ ಸಿಸ್ಟಮ್ಮನ್ನೇ ಮಲಗಿಸಿದ್ದೆ. ಆಗ ಮ್ಯಾನೇಜರ ಮುಂದೆ "ನಾನು ರಿವ್ಯೂ ಮಾಡಬೇಕಿತ್ತು, ತಪ್ಪು ನನ್ನದು" ಎಂದು ನಿಂತವರು ಇವರೇ. ನನ್ನ ಕೆಲಸ, ವೀಸಾ ಎರಡೂ ಉಳಿದವು. ಅದು ಗೊತ್ತಿದ್ದೂ ನಗುತ್ತಿದ್ದೆನಲ್ಲ!

ಅಟ್ಲಾಂಟಾ ಆಫೀಸಿನಲ್ಲಿ ಒಬ್ಬ ಟೆಸ್ಟಿಂಗ್ ಮ್ಯಾನೇಜರ್ ಇದ್ದರು. ಹೈದರಾಬಾದಿನವರು, ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ತಿಂಗಳಿಗೊಮ್ಮೆ ಶಾರ್ಲೆಟ್ಟಿಗೆ ಬಂದಾಗ ಅವರೂ ನಮ್ಮ ಸೀನಿಯರೂ ಉರ್ದುವಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಆವತ್ತು ಮಾತ್ರ ಇವರ ಕಾಫಿ ಚೆಲ್ಲುತ್ತಿರಲಿಲ್ಲ. ಒಂದು ದಿನ ಸೀನಿಯರ್ ನನ್ನನ್ನು ಪಕ್ಕಕ್ಕೆ ಕರೆದು, ಕಿವಿಯವರೆಗೂ ಕೆಂಪಾಗಿ, ಒಬ್ಬರನ್ನು ಮನೆಗೆ ಊಟಕ್ಕೆ ಕರೆಯಬೇಕು, ಮೀಟಿಂಗಿಗೆ ಕರೆದ ಹಾಗೆ ಕೇಳಿಸದಂತೆ ಹೇಗೆ ಕರೆಯುವುದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮುಂದಿನ ಸಲ ನಾವು ಅಟ್ಲಾಂಟಾಕ್ಕೆ ಹೋದಾಗ ಕೇಳಿಯೇ ಬಿಡುತ್ತೇನೆ ಅಂದರು. ನನ್ನನ್ನು ನಂಬಿ ಹೇಳಿದ್ದು. ಐದು ನಿಮಿಷದಲ್ಲಿ ಅದು ಮಂಡ್ಯದವಳ ಕಿವಿಗೆ ಬಿದ್ದಿತ್ತು.

ಅಟ್ಲಾಂಟಾಕ್ಕೆ ಹೊರಟ ದಿನ ಅವರದೇ ಕಾರು, ಅವರೇ ಡ್ರೈವಿಂಗು. ನಾನು ಮುಂದೆ, ಮಂಡ್ಯದವಳು ಹಿಂದೆ. ಅವಳ ಪಕ್ಕದ ಸೀಟಿನಲ್ಲಿ ಒಂದು ಸ್ಟೀಲ್ ಡಬ್ಬಿ, ಅದಕ್ಕೆ ಸೀಟ್ ಬೆಲ್ಟ್! ಹೋಮ್‌ಮೇಡ್, ಹೈದರಾಬಾದಿನವರಿಗೆ ಸ್ವೀಟ್ ಎಂದರು ಸೀನಿಯರ್. ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕ್ ದಾಟುವ ಹೊತ್ತಿಗೆ ನಮ್ಮ ಬಾಯಿ ಶುರುವಾಯಿತು.

"ಡಬ್ಬಿಗೆ ಬೆಲ್ಟ್ ಹಾಕಿದಾರೆ ಕಣೇ! ಮಗು ಥರ."

"ಎಪಿಸೋಡ್ ಹನ್ನೊಂದು ಕಣೇ ಇದು," ಅಂದೆ ನಾನು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಈ ವಯಸ್ಸಲ್ಲಿ ಇದೆಲ್ಲಾ ಬೇಕಾ ಇವರಿಗೆ? ಪಾಪ ಆ ಮನುಷ್ಯ, ಡಬ್ಬಿ ನೋಡ್ತಿದ್ದಂಗೇ ಹೆದರಿಕೊಂಡು ಓಡೋಗ್ತಾರೆ ಅಷ್ಟೇ."

ಸೀನಿಯರ್ ಇಂಡಿಕೇಟರ್ ಹಾಕಿ ಲೇನ್ ಬದಲಿಸಿದರು. ಎಸಿ ಜಾಸ್ತಿಯಾಯಿತಾ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು. ಇಲ್ಲ ಅಂದೆ.

ನಾರ್‌ಕ್ರಾಸ್‌ನಲ್ಲಿ ಅಟ್ಲಾಂಟಾ ಇನ್ನೇನು ಬಂತು ಅನ್ನುವಾಗ, ಇಂಡಿಯನ್ ಗ್ರೋಸರಿ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ ಮೂವರೂ ಒಳಗೆ ಹೋದೆವು. ಬೇಳೆಗಳ ಸಾಲಿನಲ್ಲಿ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡಿದ್ದ ವಯಸ್ಸಾದ ಒಬ್ಬ ಆಂಟಿ, "ಈ ಹುರಿಗಡ್ಲೆ ಎಲ್ಲಿ ಇಟ್ಟಿದಾರೋ ಕಾಣೆ" ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆ ನನ್ನ ಹಿಂದಿನಿಂದ ದನಿ ಬಂತು.

"ಬನ್ನಿ ಅಮ್ಮಾ, ಕಡ್ಲೆಬೇಳೆ ಪಕ್ಕದಲ್ಲೇ ಇದೆ ನೋಡಿ. ದೊಡ್ಡ ಪ್ಯಾಕೆಟ್ ಬೇಕಾ, ಚಿಕ್ಕದು ಸಾಕಾ?"

"ಅಯ್ಯೋ, ನಮ್ಮ ಕಡೆಯವಳಾ! ಯಾವೂರಮ್ಮ?"

"ಚನ್ನಪಟ್ಟಣ ಅಮ್ಮಾ. ಓದಿದ್ದೂ ಅಲ್ಲೇ, ಕನ್ನಡ ಸ್ಕೂಲಲ್ಲಿ."

ನಮ್ಮ ಸೀನಿಯರ್! ನನಗಿಂತ ಚೆಂದದ ಕನ್ನಡ. ಮಂಡ್ಯದವಳು ಉಪ್ಪಿನಕಾಯಿ ಬಾಟಲಿ ಹಿಡಿದುಕೊಂಡು ನಿಂತುಬಿಟ್ಟಳು. ನಾಚಿಕೆಯ ಮಾತು, ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಹೇಳದೆ ನಮ್ಮನ್ನು ಮಂಗ ಮಾಡಿದರಲ್ಲ ಅಂತ. ಆ ಸಿಟ್ಟು ಬಿಲ್ಲಿಂಗ್ ಕೌಂಟರಿನವರೆಗೂ ಬಾಳಲಿಲ್ಲ. ಕಾರಿನಲ್ಲಿ ನಾನು ಆಡಿದ ಒಂದೊಂದೇ ಮಾತು ನೆನಪಿಗೆ ಬರತೊಡಗಿತು.

ಅವರು ಆಂಟಿಯ ಚೀಲ ಹಿಡಿದು ಹೊರಗಿನವರೆಗೂ ಬಂದರು. ನಮ್ಮ ಕಾರಿನ ಹಿಂಬಾಗಿಲು ತೆಗೆದು, ಬೆಲ್ಟ್ ಬಿಚ್ಚಿ, ಡಬ್ಬಿಯನ್ನು ಆಂಟಿಯ ಕೈಗಿಟ್ಟರು.

"ಒಬ್ಬಟ್ಟು ಅಮ್ಮಾ. ನಾನೇ ಮಾಡಿದ್ದು, ನಮ್ಮ ಪಕ್ಕದ ಮನೆಯವರು ಕಲಿಸಿದ್ರು. ತಗೊಳ್ಳಿ."

"ಡಬ್ಬಿ ಹೆಂಗಮ್ಮಾ ವಾಪಸ್ ಕೊಡೋದು?"

"ನಿಮ್ಮ ಹತ್ರಾನೇ ಇರಲಿ."

ಮಂಡ್ಯದವಳು ಕಾರು ಹತ್ತಿ ಫೋನಿನಲ್ಲಿ ಮುಖ ಹುದುಗಿಸಿದಳು. ನಾನು ಹೊರಗೇ ನಿಂತಿದ್ದೆ. "ನಿಮಗೆ ಕನ್ನಡ..." ಅಂದೆ.

"ಬರತ್ತೆ," ಅಂದರು. "ಮೊದಲನೇ ದಿನವೇ ಹೇಳಬೇಕಿತ್ತು. ಆ ಕಾಫಿ ಮಾತಿಗೆ ನನಗೂ ನಗು ಬಂತು. ಅರ್ಥ ಆಯ್ತು ಅಂತ ಗೊತ್ತಾದ್ರೆ ನಿಮಗೆ ಮುಜುಗರ ಆಗತ್ತಲ್ಲಾ ಅಂತ ಸುಮ್ಮನಾದೆ. ಆಮೇಲೆ ಹೇಳಕ್ಕೆ ತೀರಾ ತಡ ಆಗೋಯ್ತು. ಸಾರಿ ಕಣ್ರೀ."

ಅವರು ನನಗೆ ಸಾರಿ ಹೇಳಿದರು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಹೇಳಬೇಕಾದ ಮಾತನ್ನು ಅವರೇ ಹೇಳಿಬಿಟ್ಟಿದ್ದರು, ನಾನು ತಲೆ ಅಲ್ಲಾಡಿಸಿ ಕಾರು ಹತ್ತಿದೆ.

ಮರುದಿನ ಮೀಟಿಂಗಿನಲ್ಲಿ ಅವರು ಚಾರ್ಟ್ ತೋರಿಸಿದರು, ಪ್ರಶ್ನೆಗಳಿಗೆ ಉತ್ತರ ಕೊಟ್ಟರು, ಮುಗಿದ ಕೂಡಲೇ ಎದ್ದು ಕಾರಿನ ಹತ್ತಿರ ಹೋದರು. ಹೈದರಾಬಾದಿನವರ ಕಡೆ ತಿರುಗಿಯೂ ನೋಡಲಿಲ್ಲ. ಆ ವರ್ಷ ಮುಗಿಯುವುದರೊಳಗೆ ವರ್ಗ ಕೇಳಿಕೊಂಡು ದೂರದ ಎಲಿಕಾಟ್ ಸಿಟಿಗೆ ಹೋಗಿ ನೆಲೆಸಿದರು. ಆ ಸೀರಿಯಲ್ಲಿನ ಕೊನೆಯ ಎಪಿಸೋಡನ್ನು ನಾನು ನೋಡಲಿಲ್ಲ. ಅವರಿಗೆ ಬರೆಯಬೇಕೆಂದು ಕನ್ನಡದಲ್ಲಿ ಶುರು ಮಾಡಿದ ಮೆಸೇಜು ಇನ್ನೂ ಫೋನಿನಲ್ಲೇ ಇದೆ, ಒಂದೂವರೆ ಸಾಲು.

ಆದರೆ ನನ್ನನ್ನು ತಿನ್ನುವುದು ಅದಲ್ಲ. ಆವತ್ತು ಮೀಟಿಂಗ್ ಮುಗಿದು ನಾನೂ ಹೊರಡುವಾಗ, ಹೈದರಾಬಾದಿನವರು ನನ್ನನ್ನು ತಡೆದು ನಿಲ್ಲಿಸಿದರು. ಕೈಯಲ್ಲಿ ಎರಡು ಪೇಪರ್ ಪ್ಲೇಟು ಹಿಡಿದಿದ್ದರು. ಏನೋ ಸಿಹಿ ತರುತ್ತೇನೆ ಅಂದಿದ್ದರು, ಮರೆತರೇನೋ, ನನ್ನ ಮೇಲೆ ಬೇಜಾರೇ, ನಿಮಗೇನಾದರೂ ಹೇಳಿದರೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಮೇಲೆ ಸ್ವಲ್ಪ ನಕ್ಕು, ನೀವಿಬ್ಬರೂ ಅವರಿಗೆ ಹೂವಿನ ಹೆಸರಿಟ್ಟಿದ್ದೀರಂತಲ್ಲ, ಮೊದಲ ವಾರವೇ ಫೋನ್ ಮಾಡಿ ಹೇಳಿದ್ದರು, ತುಂಬಾ ಖುಷಿಯಲ್ಲಿದ್ದರು, ಇಷ್ಟು ವರ್ಷದ ಮೇಲೆ ಆಫೀಸಿನಲ್ಲಿ ನನ್ನವರು ಸಿಕ್ಕಿದರು ಅಂದಿದ್ದರು, ಯಾವ ಹೂವು ಅದು ಎಂದು ಕೇಳಿದರು.

ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಡಬ್ಬಿ ನಿಮಗಾಗಿಯೇ ತಂದಿದ್ದರು, ನನ್ನ ಬಾಯಿಂದ ಅದು ನಿಮ್ಮನ್ನು ಮುಟ್ಟಲಿಲ್ಲ, ಪಾರ್ಕಿಂಗಿನಲ್ಲಿದ್ದಾರೆ, ಈಗಲೇ ಹೋಗಿ ಎನ್ನಬಹುದಿತ್ತು.

ನನಗೇನೂ ಗೊತ್ತಿಲ್ಲ ಎಂದು ಹೇಳಿ, ಸೀನಿಯರ್ ಕಾಯುತ್ತಿದ್ದ ಕಾರಿಗೆ ಹೋಗಿ ಕೂತೆ.