ಕಾಣದ ಉರಿಯ ಮೇಡಂ

ಭೋಸರಿಯ ನಮ್ಮ ಹೈಡ್ರೋಜನ್ ಒಲೆ ಕಂಪನಿಯ ಮೇಡಂ ಧಾರವಾಡದವರು. ಯಾರೇ ಎದುರಾಗಲಿ, ಕನ್ನಡಕ ತಲೆಗೇರಿಸಿ, "ಹೆದರಬ್ಯಾಡ್ರಿ, ಭಾಳ ಸಂಭಾವಿತ ಗ್ಯಾಸ್ ಅದ ಇದು," ಎನ್ನುತ್ತಿದ್ದರು, ಮನೆಯ ಅಳಿಯನನ್ನು ಪರಿಚಯಿಸುವ ಹಾಗೆ. ಅವರ ಬೆನ್ನ ಹಿಂದೆ ಇದನ್ನೇ ಅಣಕಿಸಿ ನಾನು ಆಫೀಸಿನಲ್ಲಿ ಪುಕ್ಕಟೆ ಚಹಾ ಗಿಟ್ಟಿಸುತ್ತಿದ್ದೆ.

ಒಂದು ಹೋಟೆಲಾದರೂ ಒಲೆ ಕೊಳ್ಳದಿದ್ದರೆ ಕಂಪನಿಗೆ ಬೀಗ ಬೀಳುವ ಪರಿಸ್ಥಿತಿ ಬಂತು. ಮೇಡಂ ನನ್ನನ್ನು ಕರೆದುಕೊಂಡು ನಿಗಡಿಗೆ ಹೋಗಿ, ಕುಂದಾಪುರದ ಶೆಟ್ಟರೊಬ್ಬರ ಹೋಟೆಲಿನ ಅಡುಗೆಮನೆಯಲ್ಲಿ ಒಲೆ ಹಚ್ಚಿದರು. ಹೈಡ್ರೋಜನ್ನಿನ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಶೆಟ್ಟರು ಬಗ್ಗಿ ನೋಡಿದರು.

"ಬೆಂಕಿ ಎಲ್ಲುಂಟು ಮಾರಾಯ್ರೆ?"

ಆರಿಹೋಗಿರಬೇಕೆಂದು ನಾನು ಬೆರಳಿಟ್ಟೆ. ಆಗ ಹೊರಟ ಕೂಗು ಯಾರ ಅಣಕವೂ ಅಲ್ಲ, ಅಪ್ಪಟ ನನ್ನದೇ.

ಮೇಡಂ ಒಂದು ಕೈಯಲ್ಲಿ ನನ್ನ ಬೆರಳನ್ನು ನಲ್ಲಿಯ ಕೆಳಗೆ ಹಿಡಿದರು, ಇನ್ನೊಂದು ಕೈಯನ್ನು ಶೆಟ್ಟರತ್ತ ಚಾಚಿದರು. "ಕಾಣೂದಿಲ್ಲ ಖರೆ. ಆದ್ರ ಎಷ್ಟು ಜೋರ್ ಅದ ನೋಡ್ರಿ!"

ಶೆಟ್ಟರು ನಕ್ಕುಬಿಟ್ಟರು. "ಒಲೆ ಇಟ್ಟು ಹೋಗಿ. ಈ ಹುಡುಗನನ್ನು ಮಾತ್ರ ಕರ್ಕೊಂಡು ಹೋಗಿ."

ಹೊರಗೆ ಬಂದ ಮೇಲೆ ಮೇಡಂ ನನ್ನ ಕೈಗೆ ಕರವಸ್ತ್ರ ಸುತ್ತುತ್ತ ಅಕ್ಕರೆಯಿಂದ ಕೇಳಿದರು:

"ನಾಳೆ ಹಡಪಸರದಾಗೂ ಒಂದ್ ಹೋಟೆಲ್ ಅದ. ಇನ್ನೊಂದು ಕೈ ಆರಾಮ ಅದಲ್ಲೋ, ತಮ್ಮಾ?"