ಹದಿನಾಲ್ಕು ದಿನವನ್ನು ಹಿಂದಕ್ಕೂ ಎಣಿಸಿ

ನಮ್ಮೂರಿಗೆ ಕೊರೊನಾ ತಂದವಳು ನಮ್ಮಮ್ಮ. ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಚೀನಾದಲ್ಲಿ ಹುಟ್ಟಿತಂತೆ, ವಿಮಾನ ಹತ್ತಿ ಬೆಂಗಳೂರಿಗೆ ಬಂತಂತೆ, ಅಲ್ಲಿಂದ ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಹೋಯಿತಂತೆ, ಗಾರ್ಮೆಂಟ್ಸಿನ ಬಸ್ಸಿನಲ್ಲಿ ಅಮ್ಮನ ಪಕ್ಕ ಕೂತು ನಮ್ಮ ಬೀದಿಗೆ ಇಳಿಯಿತಂತೆ. ಭೂಮಿಯನ್ನೇ ಸುತ್ತಿದ ಕಾಯಿಲೆಯ ಕಥೆ ಇಷ್ಟಕ್ಕೇ ಮುಗಿದು, ಮಳವಳ್ಳಿ ತಾಲ್ಲೂಕಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ತಲೆಯ ಮೇಲೆ ಬಂದು ಕೂರುತ್ತದೆ.

ನಾನು ಒಪ್ಪುವುದಿಲ್ಲ.

ಎದುರಾಳಿ ಯಾವುದನ್ನು ಸಾಬೀತು ಮಾಡದೆ ಮೆಲ್ಲಗೆ ದಾಟಿಕೊಂಡು ಹೋದನೋ, ಅಲ್ಲಿ ಹಿಡಿ. ಕಾಲೇಜಿನ ಚರ್ಚಾ ಸ್ಪರ್ಧೆಗೆ ನಮ್ಮನ್ನು ಹೀಗೇ ತಯಾರು ಮಾಡುತ್ತಿದ್ದರು. ಮೂರು ವರ್ಷ ವೇದಿಕೆ ಮೇಲೆ ಆಟದ ಹಾಗೆ ಮಾಡಿದ್ದನ್ನು ಈಗ ಮನೆಯ ವಿಷಯಕ್ಕೆ ಮಾಡುತ್ತಿದ್ದೇನೆ. ಇದು ಆಟವಲ್ಲ.

ಎರಡನೇ ಅಲೆಯ ಲಾಕ್‌ಡೌನ್. ಅಮ್ಮ ಬಸ್ಸಾರಿಗೆ ಒಗ್ಗರಣೆ ಇಡುತ್ತಿದ್ದಳು. ನಾನು ನಡುಮನೆಯಲ್ಲಿದ್ದೆ. ಘಾಟು ಅಲ್ಲಿಯವರೆಗೆ ಬಂತು. ಎದ್ದು ಹೋದೆ. ಸಾಸಿವೆ ಕರಕಲಾಗಿ ಹೊಗೆ ಏಳುತ್ತಿದೆ, ಅಮ್ಮ ಸೌಟು ಹಿಡಿದು ಅದರ ಮುಂದೆಯೇ ನಿಂತಿದ್ದಾಳೆ.

“ಅಮ್ಮ, ಸೀದೋಯ್ತಾ ಅದಲ್ಲ!”

“ಸೀದೋಯ್ತಾ? ನಂಗೆ ವಾಸ್ನೇನೇ ಬರ್ನಿಲ್ವಲ್ಲವ್ವ.”

ಮಾರನೆಯ ದಿನ ಜ್ವರ. ಅದರ ಮಾರನೆಯ ದಿನ ಅಮ್ಮ ತಾನೇ ಹೋಗಿ ಆಶಾ ಕಾರ್ಯಕರ್ತೆಗೆ ಹೇಳಿ swab ಕೊಟ್ಟು ಬಂದಳು. ಊರಿನಲ್ಲಿ ಹಾಗೆ ಕೊಟ್ಟವರಲ್ಲಿ ಅವಳೇ ಮೊದಲಿಗಳು.

Positive.

ಸಂಜೆಯೊಳಗೆ ನಮ್ಮ ಬಾಗಿಲಿಗೆ ಅಡ್ಡಲಾಗಿ ಬಿದಿರು ಕಟ್ಟಿದರು. ಹದಿನಾಲ್ಕು ದಿನ ಯಾರೂ ಆಚೆ ಬರುವಂತಿಲ್ಲ. ಕಟ್ಟುತ್ತಿದ್ದವನೊಬ್ಬ ನಮಗೆ ಕೇಳಲಿ ಎಂದೇ ಹೇಳಿದ: “ದಿನಾ ಬಸ್ಸತ್ಕಂಡು ಓಯ್ತಿದ್ಲಲ್ಲ, ತಂದ್ಲು ನೋಡ್ಲಾ.” ಒಳಗೆ ಅಪ್ಪನ ತಾಯಿ, ನಮ್ಮ ಅಜ್ಜಿಗೂ ಕೆಮ್ಮು ಶುರುವಾಗಿತ್ತು.

ನಾಲ್ಕನೇ ದಿನ ಅಮ್ಮನ oxygen ಎಂಬತ್ತಾರಕ್ಕೆ ಇಳಿಯಿತು. ಅಜ್ಜಿಯದು ಇನ್ನೂ ಕಡಿಮೆ. ಇಬ್ಬರನ್ನೂ ಒಂದೇ ambulanceನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದರು, ನೋಡಿಕೊಳ್ಳಲು ನನ್ನನ್ನೂ ಜೊತೆಗೆ ಬಿಟ್ಟರು. ಬೇರೆ ಬೇರೆ wardಗೆ ಹಾಕಿದರು. ಸೇರಿಸಿದ ಮೂರನೇ ದಿನ ಅಜ್ಜಿ ಹೋಗಿಬಿಟ್ಟಳು. ಮುಖ ತೋರಿಸಿದ್ದು ಪ್ಲಾಸ್ಟಿಕ್ಕಿನ ಮೇಲಿಂದ. ಅಷ್ಟು ಹೊತ್ತಿಗೆ ಅಮ್ಮ oxygen mask ಹಾಕಿಕೊಂಡು ಬೋರಲು ಮಲಗಿದ್ದಳು. ಅವಳಿಗೆ ನಾವು ಆರು ದಿನ ಹೇಳಲಿಲ್ಲ. ಅತ್ತೆ ಗಂಜಿ ಕುಡಿದರಾ ಎಂದು ಕೈಸನ್ನೆ ಮಾಡಿ ಕೇಳುವಳು. ನಾನು ಹೂಂ ಎಂದು ತಲೆಯಾಡಿಸುವೆ.

ಅಲ್ಲಿದ್ದ duty doctor ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು. Case sheet ಬರೆಯುತ್ತಾ ತಲೆಯೆತ್ತದೆ ಕೇಳಿದರು: “ಮನೇಲಿ ಮೊದಲು ಜ್ವರ ಬಂದಿದ್ದು ಯಾರಿಗೆ?”

“ಅಮ್ಮನಿಗೆ,” ಎಂದೆ.

ಹೌದು, ನಾನೇ ಹಾಗೆಂದೆ. ಎಲ್ಲವನ್ನೂ ಪ್ರಶ್ನಿಸುವವಳು ಎಂದು ಹೆಸರು ಮಾಡಿದ ನಾನು, ಬಿದಿರು ಕಟ್ಟಿದವನ ಮಾತನ್ನೇ ಉತ್ತರವೆಂದು ಒಪ್ಪಿಸಿದೆ.

“ಅದಕ್ಕಿಂತ ಮೊದಲು ಯಾರಿಗೂ ಕೆಮ್ಮು, ಮೈಕೈ ನೋವು ಇರಲಿಲ್ವಾ? ಒಂದು ಹದಿನಾಲ್ಕು ದಿನ ಹಿಂದಕ್ಕೆ ಯೋಚನೆ ಮಾಡಿ.”

ದೊಡ್ಡಪ್ಪ.

ನಮ್ಮ ತಂದೆಯ ಅಣ್ಣ. ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆ. Wardನ ಹೊರಗಿನ ಬೆಂಚಿನ ಮೇಲೆ ಕೂತು ಬೆರಳು ಮಡಚುತ್ತಾ ಎಣಿಸಿದೆ. ಅಮ್ಮನ ಗಾರ್ಮೆಂಟ್ಸ್ ಬಾಗಿಲು ಹಾಕಿದ ಮೇಲೆ, ಅವಳಿಗೆ ಜ್ವರ ಬರುವವರೆಗೆ, ಇಪ್ಪತ್ತೆರಡು ದಿನ. ಅಷ್ಟೂ ದಿನ ಅವಳು ಬಸ್ಸು ಹತ್ತಿಲ್ಲ, ಊರು ದಾಟಿಲ್ಲ. ಜ್ವರಕ್ಕೆ ಹತ್ತು ದಿನ ಮೊದಲು ದೊಡ್ಡಪ್ಪ ತನ್ನ ಮಗಳ ಮದುವೆಯ ಬೀಗರ ಊಟಕ್ಕೆ ಹೋಗಿದ್ದ, ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ. ಪೂರಿಗಾಲಿ ಕಡೆಯ ಒಂದು ತೋಟದಲ್ಲಿ, ಪೊಲೀಸರಿಗೆ ಕಾಣದ ಹಾಗೆ, ಎರಡೂ ಕಡೆಯವರು ಸೇರಿ ಬಾಡೂಟ. ಮದುವೆಯನ್ನಾದರೂ ಹತ್ತು ಜನರಲ್ಲಿ ಮುಗಿಸಿಯಾರು, ಬೀಗರ ಊಟ ಬಿಟ್ಟರೆ ನೆಂಟಸ್ತನವೇ ಮುರಿಯುತ್ತದೆ ನಮ್ಮ ಕಡೆ. ಮೂರು ದಿನಕ್ಕೆ ದೊಡ್ಡಪ್ಪ ಮಲಗಿದ. ಟೈಫಾಯಿಡ್ ಅಂದ. ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗಿದ. ಅಮ್ಮ ಗಂಜಿ ಮಾಡಿ ಕೊಟ್ಟಳು. ಅಜ್ಜಿ ಅವನ ಮಂಚ ಬಿಟ್ಟು ಏಳಲಿಲ್ಲ.

“ಒಸಿ ದೂರ ಕೂತ್ಕೊಳಜ್ಜಿ,” ಅಂದಿದ್ದೆ ನಾನು.

“ನಾನೆತ್ತ ಮಗ ಕಣವ್ವ. ದೂರ ಕೂತ್ಕೊಂಡ್ರೆ ಅಣೆ ಮೇಲೆ ಬಟ್ಟೆ ಎಂಗಾಕ್ಲಿ?”

ನಮ್ಮನ್ನು ಕೂಡಿಹಾಕಲು ಹದಿನಾಲ್ಕು ಎಣಿಸಿದ ಊರಿಗೆ, ಅದನ್ನೇ ಹಿಂದಕ್ಕೆ ಎಣಿಸಲು ಬರಲಿಲ್ಲ! ಮೊದಲು ಪರೀಕ್ಷೆ ಮಾಡಿಸಿಕೊಂಡವಳು ಮೊದಲು ಕಾಯಿಲೆ ಬಿದ್ದವಳಲ್ಲ. ಇಷ್ಟು ಸಣ್ಣ ವ್ಯತ್ಯಾಸ ನಮ್ಮೂರಿಗೆ ಮಾತ್ರವಲ್ಲ, ದೇಶದೇಶಗಳಿಗೂ ತಿಳಿಯಲಿಲ್ಲ. ರೂಪಾಂತರಗೊಂಡ ವೈರಸ್ಸನ್ನು ಯಾವ ದೇಶ ಪತ್ತೆ ಹಚ್ಚಿ ಪ್ರಾಮಾಣಿಕವಾಗಿ ಹೇಳಿತೋ, ಅದಕ್ಕೆ ಆ ದೇಶದ ಹೆಸರನ್ನೇ ಅಂಟಿಸಿ ಅಲ್ಲಿನ ವಿಮಾನಗಳನ್ನು ನಿಲ್ಲಿಸಿದರು. ಅಷ್ಟರಲ್ಲಿ ಅದು ಎಷ್ಟು ಊರು ಸೇರಿತ್ತೋ. ಜನ ಎಲ್ಲೆಲ್ಲಿ ಕೂಡಿ ಉಣ್ಣುತ್ತಾರೋ, ಒಬ್ಬರ ಪಕ್ಕ ಒಬ್ಬರು ಕೂತು ಪ್ರಯಾಣ ಮಾಡುತ್ತಾರೋ, ಕಾಯಿಲೆ ಅಲ್ಲೆಲ್ಲ ಹೋಗುತ್ತದೆ. ಅದಕ್ಕೆ ಯಾರ ಮೇಲೂ ದ್ವೇಷವಿಲ್ಲ. ತಂದವರು ಯಾರೆಂದು ಬೊಟ್ಟು ಮಾಡುವುದು ನಾವು. ಹಿಂದೆ ಪ್ಲೇಗು ಬಂದು ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೋಗಿತ್ತೆಂದು ಅಜ್ಜಿ ತನ್ನ ಅವ್ವನಿಂದ ಕೇಳಿದ್ದಳು. ತಂದವರು ಯಾರಂತೆ ಅಂದರೆ, ಬಳೆ ಮಾರುವ ಒಬ್ಬ ಹೆಂಗಸಂತೆ. ಹಡಗು, ರೈಲಿನಲ್ಲಿ ಧಾನ್ಯದ ಮೂಟೆಗಳ ಜೊತೆ ಊರೂರು ಸುತ್ತಿದ ಇಲಿಗಳ ಹೆಸರನ್ನು ಯಾರೂ ಹೇಳಿರಲಿಲ್ಲ.

ನನ್ನ ವಾದದಲ್ಲೂ ತೂತಿದೆ. ದೊಡ್ಡಪ್ಪ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಅದು ಟೈಫಾಯಿಡ್ಡೇ ಇದ್ದಿರಬಹುದು. ಆದರೆ ಅಮ್ಮನ ಮೇಲೆ ಹೊರಿಸಿದ್ದಕ್ಕೆ ಇದರ ಅರ್ಧದಷ್ಟು ಪುರಾವೆಯೂ ಇಲ್ಲ. ಕಾಯಿಲೆ ಬಿದ್ದದ್ದಕ್ಕೆ ದೊಡ್ಡಪ್ಪನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಯಾರೋ ಅಂಟಿಸಿದರು. ಬಿದಿರು ಕಟ್ಟುವಾಗ ಅವನು ತನ್ನ ಜಗುಲಿಯ ಮೇಲೆ ನಿಂತು ನೋಡುತ್ತಿದ್ದ.

ಅಪ್ಪನಿಗೆ ಹೇಳಿದೆ.

“ನಿನ್ ಚರ್ಚೆ ಗಿರ್ಚೆ ಎಲ್ಲ ಕಾಲೇಜಲ್ಲಿ ಮಡಿಕ್ಕೊ. ಅವ್ನು ನಮ್ಮಣ್ಣ ಕಣವ್ವ. ಮಾತಾಡ್ಬುಟ್ರೆ ಅವ್ವ ಎದ್ದು ಬತ್ತಾಳಾ?”

“ಅಂಗಾದ್ರೆ ಅಮ್ಮನ್ ಮೇಲೆ ಮಾತ್ರ ಯಾಕೆ ಮಾತಾಡ್ತವ್ರೆ?”

ಅಪ್ಪ ಟವಲು ಕೊಡವಿ ಹೊರಟುಹೋದ.

ಹದಿನೆಂಟು ದಿನದ ಮೇಲೆ ಅಮ್ಮ ಮನೆಗೆ ಬಂದಳು. ನಾನು ಯಾರಿಗೂ ಸುಲಭಕ್ಕೆ ಕೈಮುಗಿಯುವವಳಲ್ಲ. ರಾತ್ರಿ ಹಗಲು ಅವಳನ್ನು ಹೊರಳಿಸಿ ಮಲಗಿಸಿದ ಸಿಸ್ಟರ್‌ಗೆ, ಆ ಒಂದು ಪ್ರಶ್ನೆ ಕೇಳಿದ ಡಾಕ್ಟರಿಗೆ ಮುಗಿದೆ. ಈಗ ಹಿತ್ತಲಿಗೆ ಹೋಗಿ ಬಂದರೆ ಸ್ವಲ್ಪ ಏದುಸಿರು, ಅಷ್ಟೇ. ಶ್ವಾಸಕೋಶ ನಿಧಾನಕ್ಕೆ ಸರಿಹೋಗುತ್ತದಂತೆ. ನಂಬುತ್ತೇನೆ, ಮುಂದಿನ X-rayವರೆಗೆ. ಸರಿಹೋಗದೆ ಇರುವುದು ಬೇರೆ. ಉಣ್ಣಲು ಕೂತರೆ ಎರಡು ತುತ್ತಿಗೆ ನಿಲ್ಲಿಸುತ್ತಾಳೆ. ಅತ್ತೆಗೆ ಅಂಟಿಸಿದವಳು ತಾನು ಎನ್ನುತ್ತಾಳೆ. ನನ್ನ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. “ನೀನು ಓದಿರೋಳು, ಎಂಗ್ ಬೇಕಾದ್ರೂ ತಿರುಗುಸ್ತೀಯ,” ಅಂದಳು.

ಮೊನ್ನೆ ದೊಡ್ಡಪ್ಪ ಎರಡು ಎಳನೀರು ಹಿಡಿದು ನೋಡಲು ಬಂದ. ಅಮ್ಮ ಎದ್ದು ಸೆರಗು ಸರಿಮಾಡಿಕೊಂಡು ಗೋಡೆ ಹಿಡಿದು ನಿಂತಳು.

“ಬಾವ, ನಿಮ್ಮವ್ವನ್ನ ನಾನೇ ಕೊಂದ್ಬುಟ್ಟೆ.”

ದೊಡ್ಡಪ್ಪ ನೆಲ ನೋಡಿದ. ಹೇಳುತ್ತಾನೆ, ಈಗ ಹೇಳುತ್ತಾನೆ ಅಂದುಕೊಂಡೆ.

“ಆಗಿದ್ದಾಗೋಯ್ತು, ಬುಡು ತಾಯಿ. ನೀನೇನ್ ಬೇಕೂಂತ ಮಾಡ್ದ್ಯಾ? ನಾವ್ಯಾರೂ ಮನಸ್ಸಲ್ಲಿ ಮಡಿಕ್ಕಂಡಿಲ್ಲ.”

ಕ್ಷಮಿಸಿಬಿಟ್ಟ! ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅವನಿಗೆ ಕಾಫಿ ಇಡಲು ಒಲೆಯ ಕಡೆ ತಿರುಗಿದಳು.

ಅಪ್ಪ ಬೇಡವೆಂದು ಕಣ್ಣಲ್ಲೇ ಗದರಿದ. ಅಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದೆ:

“ದೊಡ್ಡಪ್ಪ, ಬೀಗರ ಊಟದಿಂದ ಬಂದು ನೀನು ಜ್ವರದಲ್ಲಿ ಮಲಗಿದ್ದಾಗ, ನಿನ್ನ ಅಣೆ ಮೇಲೆ ಬಟ್ಟೆ ಆಕ್ತಿದ್ದೋರು ಯಾರು?”